ಮನೆಯೂ ಬೇಕು, ಆಡುವ ಬಯಲೂ ಬೇಕು

(ಬಸವಕಲ್ಯಾಣ ಮತ್ತು ಹುಮನಾಬಾದ್ ತಾಲ್ಲೂಕುಗಳ ಕೇರಿಗಳ ಜನ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ. ಮಾತಾಡಿದ ಹಾಗೆಯೇ ಬರೆದುಕೊಂಡಿದೆ.)



ಈ ಸಭೆಗೆ ಬರುವ ಮುಂಚೆ ನಾವು ಒಂದು ಕೆಲಸ ಮಾಡಿದೆವು. ಎರಡೂ ತಾಲ್ಲೂಕಿನ ನಮ್ಮ ಕೆಲವು ಕೇರಿಗಳಿಗೆ ಹೋಗಿ ಕೂತೆವು. ರಾತ್ರಿ ಹೋದೆವು. ಹಗಲು ಹೋದರೆ ಯಾರು ಸಿಗುತ್ತಾರೆ? ತೊಗರಿ ರಾಶಿಗೆ ಹೋದವರು ತೊಗರಿಯಲ್ಲಿ, ಕಬ್ಬು ಕಡಿಯಲು ಹೋದವರು ಕಬ್ಬಿನಲ್ಲಿ. ರೊಟ್ಟಿ ತಿಂದು ಕೈ ತೊಳೆದುಕೊಂಡ ಮೇಲೆ ಜನ ಹೊರಗೆ ಬಂದು ಕೂಡುವ ಹೊತ್ತಿಗೆ ನಾವು ಎರಡೇ ಮಾತು ಕೇಳಿದೆವು. ನಿಮಗೆ ಎಂಥ ಮನೆ ಬೇಕು? ದುಡಿಮೆ ಮುಗಿದ ಮೇಲೆ ನೀವು ಎಲ್ಲಿ ಕೂಡುತ್ತೀರಿ, ನಿಮ್ಮ ಮಕ್ಕಳು ಎಲ್ಲಿ ಆಡುತ್ತಾರೆ?

ಮೊದಲನೆಯ ಮಾತಿಗೆ ನಡುರಾತ್ರಿಯವರೆಗೆ ಉತ್ತರ ಬಂದವು. ಎರಡನೆಯ ಮಾತಿಗೆ ಜನ ನಕ್ಕರು. ಒಬ್ಬ ಮುತ್ಯಾ ಅಂದ: "ಆಟದ್ದು ಏನ್ ಕೇಳ್ತಿಯೋ ತಮ್ಮಾ, ಊರವ್ರು ನಮ್ಮ ಜಲ್ಮಾನೇ ಆಟ ಮಾಡ್ಯಾರ."

ಆ ನಗು ನಮ್ಮನ್ನು ಬಿಡಲಿಲ್ಲ. ಇಷ್ಟು ವರ್ಷ ನಾವು ಸಂಘದವರು ತಹಶೀಲ್ ಕಚೇರಿಗೆ ಕೊಟ್ಟ ಅರ್ಜಿಗಳನ್ನೆಲ್ಲ ತೆಗೆದು ನೋಡಿದೆವು. ಮನೆ ಅದೆ, ನಿವೇಶನ ಅದೆ, ನೀರು ಅದೆ, ಸ್ಮಶಾನ ಅದೆ. ಮಕ್ಕಳು ಆಡುವ ಜಾಗ ಕೊಡಿ ಅಂತ ಒಂದೇ ಒಂದು ಅರ್ಜಿ ಇಲ್ಲ. ಹೆಣ ಹೂಳಲು ಜಾಗ ಕೇಳಿದ್ದೇವೆ, ಕೂಸು ಓಡಾಡಲು ಜಾಗ ಕೇಳಿಲ್ಲ. ಇದು ನಮ್ಮದೇ ತಪ್ಪು. ಮೊದಲು ಅದನ್ನು ಒಪ್ಪಿಕೊಂಡು ಮುಂದೆ ಮಾತಾಡುತ್ತೇವೆ.

ಕಲ್ಯಾಣ ಅಂದ ಕೂಡಲೆ ನಾಡಿಗೆಲ್ಲ ನೆನಪಾಗುವುದು ಹನ್ನೆರಡನೆಯ ಶತಮಾನ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಲಗ್ನವಾಯಿತು, ಅದಕ್ಕಾಗಿ ಇಬ್ಬರು ಬೀಗರನ್ನೂ ಆನೆಯ ಕಾಲಿಗೆ ಕಟ್ಟಿ ಎಳೆಸಿದರು ಅಂತ ಹಿರಿಯರು ಹೇಳುತ್ತ ಬಂದಿದ್ದಾರೆ. 2012ರಲ್ಲಿ ಇಲ್ಲಿ 108 ಅಡಿ ಎತ್ತರದ ಬಸವಣ್ಣನ ಮೂರ್ತಿ ನಿಂತಿತು. 2021ರ ಜನವರಿಯಲ್ಲಿ ಹೊಸ ಅನುಭವ ಮಂಟಪಕ್ಕೆ ಅಡಿಗಲ್ಲು ಹಾಕಿದರು. ಅದಕ್ಕೆ ನೂರಾರು ಕೋಟಿ. ನಮಗೆ ಅದರ ಮೇಲೆ ಸಿಟ್ಟಿಲ್ಲ. ಬಸವಣ್ಣ ನಮ್ಮವನು, ಹರಳಯ್ಯ ಅವನಿಗಿಂತ ಇನ್ನೂ ಹತ್ತಿರದವನು. ಆದರೆ ಆ ಮೂರ್ತಿಯ ನೆರಳಿನಿಂದ ಎದ್ದು ಯಾವುದಾದರೂ ಹಳ್ಳಿಗೆ ಹೋಗಿ, ಹರಳಯ್ಯನ ಮಕ್ಕಳ ಮನೆ ಎಲ್ಲಿ ಅಂತ ಕೇಳಿ ನೋಡ್ರಿ. ಅಗಸಿ ದಾಟಿ, ತಿಪ್ಪೆ ದಾಟಿ, ಊರ ಬಚ್ಚಲ ನೀರು ಬಂದು ನಿಲ್ಲುವ ತಗ್ಗಿನ ಕಡೆ ಕೈ ತೋರಿಸುತ್ತಾರೆ. ಎಂಟುನೂರು ವರ್ಷವಾದರೂ ಕೈ ತೋರಿಸುವ ದಿಕ್ಕು ಬದಲಾಗಿಲ್ಲ.

ಕೇರಿಯನ್ನು ಆ ಜಾಗದಲ್ಲಿ ಇಟ್ಟದ್ದು ಕಣ್ಣು ಮುಚ್ಚಿಕೊಂಡು ಅಲ್ಲ. ಗಾಳಿ ಊರಿನ ಕಡೆಯಿಂದ ನಮ್ಮ ಕಡೆ ಬೀಸಬೇಕು, ನಮ್ಮನ್ನು ಮುಟ್ಟಿದ ಗಾಳಿ ಊರ ಮೇಲೆ ಹೋಗಬಾರದು. ಮಳೆ ನೀರು ಊರಿನಿಂದ ನಮ್ಮ ಕಡೆ ಹರಿಯಬೇಕು. ಆ ಜಾಗಕ್ಕೂ ನಮ್ಮ ಹೆಸರಿನಲ್ಲಿ ಕಾಗದ ಇರಲಿಲ್ಲ. ನಿಜಾಮನ ಕಾಲದಲ್ಲಿ ಕಲ್ಯಾಣಿ ನವಾಬರ ಜಹಗೀರು. ಜಮೀನು ಅವರದು, ಚಾಕರಿ ನಮ್ಮದು. ಬಿಟ್ಟಿ ದುಡಿಯುವವರೆಗೆ ಗುಡಿಸಲು ಇರುತ್ತಿತ್ತು, ಎದುರು ಮಾತಾಡಿದ ದಿನ ಗಳ ಕಿತ್ತುಕೊಂಡು ಹೋಗು ಅನ್ನುತ್ತಿದ್ದರು. 1948ರಲ್ಲಿ ನಿಜಾಮ ಹೋದ, 1956ರಲ್ಲಿ ಬೀದರ ಜಿಲ್ಲೆ ಕನ್ನಡ ನಾಡಿಗೆ ಸೇರಿತು, 2019ರಲ್ಲಿ ಹೈದರಾಬಾದ್ ಕರ್ನಾಟಕಕ್ಕೆ ಕಲ್ಯಾಣ ಕರ್ನಾಟಕ ಅಂತ ಹೆಸರಿಟ್ಟರು. ನಮ್ಮಲ್ಲಿ ಎಷ್ಟೋ ಜನರ ಮನೆಯ ಅಡಿಯ ಜಾಗಕ್ಕೆ ಇವತ್ತಿಗೂ ಹಕ್ಕುಪತ್ರ ಇಲ್ಲ.

ಮನೆ ಕೊಡಲೇ ಇಲ್ಲ ಅಂತ ಹೇಳಿದರೆ ಸುಳ್ಳು ಹೇಳಿದ ಹಾಗಾಗುತ್ತದೆ. ದೇವರಾಜ ಅರಸರ ಕಾಲದಲ್ಲಿ ಜನತಾ ಮನೆ ಬಂದವು. 1985ರಲ್ಲಿ ಇಂದಿರಾ ಆವಾಸ್ ಬಂತು. ಅದು ಮೊದಲಿಗೆ ನಮ್ಮ ಜನಕ್ಕೆ ಮತ್ತು ಜೀತ ಬಿಟ್ಟು ಬಂದವರಿಗೆ ಅಂತಲೇ ಇತ್ತು. 1991-92ರಲ್ಲಿ ಆಶ್ರಯ. 2016ರಲ್ಲಿ ಪ್ರಧಾನ ಮಂತ್ರಿ ಆವಾಸ್. ಪ್ರತಿ ಸರ್ಕಾರಕ್ಕೂ ಒಂದೊಂದು ಹೆಸರು, ಪ್ರತಿ ಗೋಡೆಯ ಮೇಲೂ ಒಂದೊಂದು ಬಣ್ಣದ ಬರಹ. ಒಂದು ಕೇರಿಯಲ್ಲಿ ನಿಂತು ನೋಡಿದರೆ ನಾಡಿನ ರಾಜಕೀಯದ ಚರಿತ್ರೆಯೆಲ್ಲ ಗೋಡೆಗಳಲ್ಲೇ ಓದಬಹುದು. ಆದರೆ ಇಷ್ಟು ಮನೆ ಬಂದರೂ ಕೇರಿ ಮಾತ್ರ ಇದ್ದಲ್ಲೇ ಇದೆ.

ಈಗ ಜನ ಹೇಳಿದ್ದನ್ನು ಹೇಳುತ್ತೇವೆ.

ಹೆಚ್ಚು ಬೈಗುಳ ತಿಂದದ್ದು ತಗಡು. ಪತ್ರಾ ಅನ್ನುತ್ತೀರಲ್ಲ, ಅದು. ಬೇಸಿಗೆಯಲ್ಲಿ ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ. ಒಬ್ಬ ತಾಯಿ ಹೇಳಿದಳು: "ಮಧ್ಯಾನ ಪತ್ರಾದ ಮನ್ಯಾಗ ಕುಂತ್ರ ಹೆಂಚಿನ ಮ್ಯಾಲ ರೊಟ್ಟಿ ಕುಂತಂಗ ಆಗ್ತದ ನೋಡ್ರಿ. ಬಾಣಂತಿ ಮಗಳಿಗಿ ಬೇವಿನ ಗಿಡದ ಬುಡಕ ಹಾಸಿಗಿ ಹಾಸಿ ಕೊಟ್ಟಿದ್ದ." ಮಳೆಗಾಲದಲ್ಲಿ ಬೇರೆ ಕಾಟ. ಹನಿ ಬಿತ್ತೆಂದರೆ ಒಬ್ಬರ ಮಾತು ಒಬ್ಬರಿಗೆ ಕೇಳುವುದಿಲ್ಲ. ಹತ್ತನೇ ಇಯತ್ತೆ ಓದುವ ಹುಡುಗ ಅಂದ, "ಮಳಿ ಬಂದ ರಾತ್ರಿ ಓದಲಿಕ್ಕಿ ಬರಲ್ಲ, ತಲಿ ಮ್ಯಾಲ ಯಾರೋ ಹಲಗಿ ಬಾರಿಸಿದಂಗ ಆಗ್ತದ."

ಹಾಗಾದರೆ ಹಳೆಯ ಮಣ್ಣಿನ ಮಾಳಿಗೆ ಮನೆ ಕಟ್ಟಿಕೊಳ್ಳುತ್ತೀರಾ ಅಂತ ಕೇಳಿದೆವು. ಅದು ತಂಪು, ಬೆಚ್ಚಗೂ ಇರುತ್ತದೆ, ಗೌಂಡಿ ಖರ್ಚೂ ಇಲ್ಲ. ಆಗ ವಯಸ್ಸಾದವರು ಸುಮ್ಮನಾದರು. ಅವರಿಗೆ 1993 ನೆನಪಾಯಿತು. ಆ ವರ್ಷ ಸೆಪ್ಟೆಂಬರ್ 30ರ ಬೆಳಗಿನ ಜಾವ, ಇನ್ನೂ ನಾಲ್ಕು ಹೊಡೆದಿರಲಿಲ್ಲ, ನಮ್ಮ ಗಡಿಯಾಚೆ ಕಿಲ್ಲಾರಿಯಲ್ಲಿ ಭೂಕಂಪವಾಯಿತು. ಲಾತೂರ, ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತರು. ಬಸವಕಲ್ಯಾಣದ ಹಳ್ಳಿಗಳಲ್ಲಿ ಅನೇಕರಿಗೆ ಅಲ್ಲಿ ಬೀಗರಿದ್ದಾರೆ. ಜನರನ್ನು ಕೊಂದದ್ದು ಭೂಮಿ ನಡುಗಿದ್ದಷ್ಟೇ ಅಲ್ಲ. ಮಣ್ಣಿನಲ್ಲಿ ಕೂಡಿಸಿದ ಗುಂಡುಕಲ್ಲಿನ ದಪ್ಪ ಗೋಡೆ, ಅದರ ಮೇಲೆ ವರ್ಷ ವರ್ಷ ಹಾಕಿ ಹಾಕಿ ಏರಿದ ಮಾಳಿಗೆ ಮಣ್ಣು, ಅದೆಲ್ಲ ಮಲಗಿದವರ ಮೇಲೆ ಕುಸಿಯಿತು. ಹಗುರಾದ ಗುಡಿಸಲಲ್ಲಿ, ತಗಡಿನ ಕೆಳಗೆ ಮಲಗಿದ್ದವರು ಎಷ್ಟೋ ಜನ ಬದುಕಿದರು. ಬಡತನವೇ ಕೆಲವರ ಜೀವ ಉಳಿಸಿತು ಅನ್ನಬೇಕು. ಅಂದಿನಿಂದ ನಮ್ಮ ಕಡೆಯೂ ಮಾಳಿಗೆಯ ಕೆಳಗೆ ಮಲಗುವವರಿಗೆ ಒಂದು ಕಣ್ಣು ಮೇಲೆಯೇ. ಒಬ್ಬ ಆಯಿ ಕೇಳಿದಳು: "ಪತ್ರಾ ಸುಡ್ತದ, ಮಾಳಿಗಿ ಕೊಲ್ತದ. ಸುಡಲಾರದ್ದು, ಕೊಲ್ಲಲಾರದ್ದು ಒಂದು ಮನಿ ಸರ್ಕಾರದಾಗ ಇಲ್ಲೇನು?" ಈ ಪ್ರಶ್ನೆಯನ್ನು ನಾವು ಇಂಜಿನಿಯರ ಸಾಹೇಬರ ಮುಂದೆ ಹಾಗೆಯೇ ಇಡಬೇಕು ಅಂತ ಮಾಡಿದ್ದೇವೆ. ಕೆಂಪು ಕಲ್ಲು ನಮ್ಮ ಜಿಲ್ಲೆಯಲ್ಲೇ ಸಿಗುತ್ತದೆ. ಫರ್ಶಿ ಪಕ್ಕದ ಕಲಬುರಗಿ ಜಿಲ್ಲೆಯಲ್ಲಿ ಸಿಗುತ್ತದೆ. ಬಾಗಿಲ ಮೇಲ್ಮಟ್ಟದಲ್ಲಿ ಗೋಡೆಯ ಸುತ್ತ ಕಬ್ಬಿಣ ಹಾಕಿದ ಒಂದು ಪಟ್ಟಿ ಓಡಿಸಿದರೆ ಮನೆ ನಡುಗಿದರೂ ಒಮ್ಮೆಲೇ ಕುಸಿಯುವುದಿಲ್ಲ. ಇದು ಗೌಂಡಿಗಳಿಗೆ ಗೊತ್ತಿರುವ ಕೆಲಸ. ಆದರೆ ಕೊಡುವ ದುಡ್ಡಿನಲ್ಲಿ ಅದು ಹಿಡಿಸುವುದಿಲ್ಲ.

ದುಡ್ಡಿನ ಲೆಕ್ಕ ಕೇಳ್ರಿ. 2016ರ ಕೇಂದ್ರದ ಯೋಜನೆ ಬಯಲು ಸೀಮೆಯ ಒಂದು ಮನೆಗೆ ಇಟ್ಟದ್ದು 1 ಲಕ್ಷ 20 ಸಾವಿರ. ಮನೆಯ ಅಳತೆ ಕಡಿಮೆ ಅಂದರೆ 25 ಚದರ ಮೀಟರ್. ಗೌಂಡಿ ಮಾತಿನಲ್ಲಿ ಹೇಳುವುದಾದರೆ 15 ಅಡಿ, 18 ಅಡಿ, ಒಲೆಯೂ ಅದರೊಳಗೇ. ಇಂದಿರಾ ಆವಾಸಿನಲ್ಲಿ ಇನ್ನೂ ಸಣ್ಣದಿತ್ತು, 20 ಚದರ ಮೀಟರ್. ಆ ದುಡ್ಡೂ ಒಮ್ಮೆಲೇ ಬರುವುದಿಲ್ಲ. ಅಡಿಪಾಯ ಆಯಿತೇ, ಫೋಟೋ. ಗೋಡೆ ಎದ್ದಿತೇ, ಫೋಟೋ. ಸ್ಲ್ಯಾಬ್ ಬಿತ್ತೇ, ಫೋಟೋ. ಪ್ರತಿ ಫೋಟೋ ಆದ ಮೇಲೆ ಒಂದು ಕಂತು. ಕಳ್ಳತನ ತಡೆಯಲು ಮಾಡಿದ್ದು, ಒಳ್ಳೆಯದೇ. ಆದರೆ ಕೂಲಿ ಮಾಡುವವನ ಬಳಿ ಮುಂದಿನ ಹಂತಕ್ಕೆ ಕೈಗಡ ಎಲ್ಲಿಂದ ಬರಬೇಕು? ಬಡ್ಡಿಗೆ ತರುತ್ತಾನೆ. ಫೋಟೋ ತೆಗೆಯುವವರು ಬರುವುದು ತಡವಾದರೆ ಬಡ್ಡಿ ಬೆಳೆಯುತ್ತದೆ, ಗೋಡೆ ಬೆಳೆಯುವುದಿಲ್ಲ. ಬಡ್ಡಿ ತೀರಿಸಲು ಗಂಡ ಹೆಂಡತಿ ಇಬ್ಬರೂ ಪುಣೆಗೋ ಮುಂಬೈಗೋ ಹೈದರಾಬಾದಿಗೋ ಹೋಗುತ್ತಾರೆ. ಹೋಗಿ ಅಲ್ಲಿ ಬೇರೆಯವರ ಮನೆ ಕಟ್ಟುತ್ತಾರೆ! ಇಲ್ಲಿ ಅವರ ಅರ್ಧ ಗೋಡೆಯ ಒಳಗೆ ಜಾಲಿ ಬೆಳೆದಿರುತ್ತದೆ. ಅಂಥ ಮನೆಗಳನ್ನು ನಾವು ಕಣ್ಣಾರೆ ನೋಡಿ ಬಂದಿದ್ದೇವೆ.

ತಾಯಂದಿರು ಹೇಳಿದ್ದು ಯಾವ ನಕ್ಷೆಯಲ್ಲೂ ಇಲ್ಲ. ಒಂದೇ ಕೋಣೆಯಲ್ಲಿ ಅತ್ತೆ ಮಾವ, ಮಗ ಸೊಸೆ, ಮದುವೆಗೆ ಬಂದ ಮಗಳು. ಬಟ್ಟೆ ಬದಲಿಸಲು ಎಲ್ಲಿಗೆ ಹೋಗಬೇಕು? ಬಾಣಂತನಕ್ಕೆ ಬಂದ ಮಗಳನ್ನು ಎಲ್ಲಿ ಮಲಗಿಸಬೇಕು? ಜೋಳದ ಚೀಲ ಎಲ್ಲಿ, ಆಡು ಎಲ್ಲಿ, ಕೋಳಿ ಎಲ್ಲಿ? ಕೆಲವರು ಸಂಡಾಸದಲ್ಲಿ ಕುಳ್ಳು ಕಟ್ಟಿಗೆ ತುಂಬಿಟ್ಟಿದ್ದಾರೆ. ಪೇಪರಿನವರು ಅದನ್ನು ನೋಡಿ ನಗುತ್ತಾರೆ, ಈ ಜನಕ್ಕೆ ತಿಳಿವಳಿಕೆ ಇಲ್ಲ ಅನ್ನುತ್ತಾರೆ. ನೀರಿಲ್ಲದ ಸಂಡಾಸಕ್ಕಿಂತ ಒಣ ಕುಳ್ಳಿಗೆ ಬೆಲೆ ಜಾಸ್ತಿ ಅಂತ ಆ ತಾಯಿಗೆ ಗೊತ್ತು, ಅವರಿಗೆ ಗೊತ್ತಿಲ್ಲ.

ಇನ್ನು ಮನೆ ಎಲ್ಲಿ ಬೇಕು ಅನ್ನುವ ಮಾತು. ಇಲ್ಲಿ ನಮ್ಮವರಲ್ಲೇ ಜಗಳವಾಯಿತು. ಜಗಳವಾದದ್ದು ಒಳ್ಳೆಯದೇ.

ಒಂದು ಗುಂಪು, ಹೆಚ್ಚಾಗಿ ಹರೆಯದವರು, ಊರಿಂದ ದೂರ ಡಾಂಬರು ರಸ್ತೆಯ ಬದಿಗೆ ಹೊಸ ಬಡಾವಣೆ ಬೇಕು ಅಂದರು. "ಊರಾಗ ನಡದ್ರ ನೋಡ್ತಾರ, ಹೊಸ ಅಂಗಿ ಹಾಕಿದ್ರ ನೋಡ್ತಾರ, ಗಾಡಿ ಮ್ಯಾಲ ಕುಂತ್ರ ನೋಡ್ತಾರ. ಆ ನೋಟ ಸಾಕಾಗ್ಯಾದ." ಇದು ಹೊಸ ಮಾತಲ್ಲ. ಬಾಬಾಸಾಹೇಬರ ಮುಂದಾಳತ್ವದಲ್ಲಿ 1942ರ ಜುಲೈಯಲ್ಲಿ ನಾಗಪುರದಲ್ಲಿ ಕೂಡಿದ ಪರಿಷತ್ತು ಇದನ್ನೇ ಕೇಳಿತ್ತು. ಸವರ್ಣೀಯರ ಹಳ್ಳಿಗಳಿಂದ ಬೇರೆಯಾಗಿ, ಸರ್ಕಾರದ ಜಮೀನಿನಲ್ಲಿ ನಮ್ಮ ಜನರದೇ ಹಳ್ಳಿಗಳಾಗಬೇಕು ಅಂತ ಠರಾವು ಮಾಡಿತ್ತು. ಹಳ್ಳಿ ಅಂದರೆ ಸ್ವರ್ಗ ಅಂತ ದೇಶವೆಲ್ಲ ಹಾಡುತ್ತಿದ್ದಾಗ, 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಎದ್ದು ನಿಂತು ಹಳ್ಳಿಯ ಬಣ್ಣ ಬಯಲು ಮಾಡಿದವರು ಅವರು. ನಮ್ಮ ಭಾಗದಲ್ಲೇ 1968ರಲ್ಲಿ ಬಿ. ಶ್ಯಾಮಸುಂದರ್ ಅವರು ಗುಲಬರ್ಗಾದಲ್ಲಿ ಭೀಮಸೇನೆ ಕಟ್ಟಿದಾಗಲೂ ಬೇರೆ ಹಳ್ಳಿಗಳ ಮಾತು ಎದ್ದಿತ್ತು.

ಇನ್ನೊಂದು ಗುಂಪು, ಹೆಚ್ಚಾಗಿ ಹೆಣ್ಣುಮಕ್ಕಳು ಮತ್ತು ಮುದುಕರು, ಅಷ್ಟು ದೂರ ಹೋಗುವುದಿಲ್ಲ ಅಂದರು. ನೀರಿನ ಟಾಕಿ ಊರಲ್ಲಿದೆ. ಅಂಗನವಾಡಿ ಊರಲ್ಲಿದೆ. ಕತ್ತಲಾದ ಮೇಲೆ ಒಂದು ಕಿಲೋಮೀಟರ್ ಯಾರು ನಡೆಯಬೇಕು? "ಅವ್ರು ನಮ್ಮನ್ನ ಹೊರಗ ಇಟ್ಟಿದ್ದು ಸಾಲಲಿಲ್ಲಂತ ನಾವೇ ಇನ್ನೂ ಹೊರಗ ಹೋಗ್ಬೇಕೇನ್ರಿ? ನಡುವೂರಾಗ ಖಾಲಿ ಜಾಗಾ ಬಿದ್ದದ, ಅಲ್ಲೇ ಕೊಡ್ರಿ." ಈ ಮಾತಿಗೂ ನಮ್ಮ ಬಳಿ ಉತ್ತರವಿಲ್ಲ. ಬಾಬಾಸಾಹೇಬರು ಕೇಳಿದ್ದು ಜಮೀನಿನ ಜೊತೆಗೆ ಬೇರೆ ಹಳ್ಳಿ. ಈಗ ಕೊಡುವುದು ಜಮೀನಿಲ್ಲದ ಬರೀ ನಿವೇಶನ. ಬೆಳಗಾದರೆ ಕೂಲಿಗೆ ಅದೇ ಊರಿನ ಅದೇ ಮನೆಯ ಬಾಗಿಲಿಗೆ ಹೋಗಬೇಕು. ನಡೆಯುವ ದೂರವಷ್ಟೇ ಹೆಚ್ಚಾಯಿತು. ಅದಕ್ಕೆ ನಮ್ಮ ಸದ್ಯದ ಅಭಿಪ್ರಾಯ ಇಷ್ಟು: ಎಲ್ಲಿ ಅನ್ನುವುದನ್ನು ಆಯಾ ಕೇರಿಯವರು, ಹೆಣ್ಣುಮಕ್ಕಳೂ ಕೂತ ಸಭೆಯಲ್ಲಿ ತೀರ್ಮಾನ ಮಾಡಲಿ. ಸಂಘದವರು ಪೇಟೆಯಲ್ಲಿ ಕೂತು ಹೇಳುವುದು ಬೇಡ.

ಆಟದ ಮಾತಿಗೆ ಬರುತ್ತೇವೆ. ಮನರಂಜನೆ ಅಂತ ಸರ್ಕಾರಿ ಕಾಗದದಲ್ಲಿ ಬರೆಯುತ್ತಾರೆ. ಇಷ್ಟು ದಿನ ಊರಿನ ಮನರಂಜನೆಗೆ ದುಡಿದವರು ನಾವು. ಜಾತ್ರೆಗೆ ಹಲಗೆ ನಮ್ಮದು, ಕುಣಿತ ಅವರದು. ಮದುವೆಗೆ ಬಾಜಾ ನಮ್ಮದು, ಊಟಕ್ಕೆ ಕಡೇ ಪಂಗ್ತಿ ನಮ್ಮದು. ಹಲಗೆ ಬಾರಿಸುವುದನ್ನು ಬಿಟ್ಟ ಊರುಗಳಲ್ಲಿ ಬಹಿಷ್ಕಾರ ಹಾಕಿಸಿಕೊಂಡದ್ದೂ ನಾವೇ. ನಮ್ಮ ಸೀಮೆಯಲ್ಲಿ ಮೊಹರಮ್ಮಿನ ಅಲಾಯಿ ಕುಣಿಯ ಸುತ್ತ ಮಾತ್ರ ಎಲ್ಲ ಜಾತಿಯವರೂ ಹೆಜ್ಜೆ ಹಾಕುವುದುಂಟು. ಅದನ್ನು ಮುದುಕರು ಪ್ರೀತಿಯಿಂದ ನೆನೆದರು. ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಗೆ, ಮಾಣಿಕನಗರದ ದತ್ತ ಜಯಂತಿಗೆ ನಮ್ಮವರೂ ಹೋಗುತ್ತಾರೆ, ಬಳೆ ಇಡಿಸಿಕೊಂಡು ಬರುತ್ತಾರೆ. ನಮ್ಮದೇ ಹಬ್ಬ ಅಂತ ಇರುವುದು ಏಪ್ರಿಲ್ 14 ಒಂದೇ. ಗಡಿಯಾಚೆಯಿಂದ ಬಂದ ಮರಾಠಿ ಭೀಮಗೀತೆಗಳನ್ನು ನಮ್ಮ ತಾಯಂದಿರು ಬಾಯಿಪಾಠ ಹಾಡುತ್ತಾರೆ. ಆದರೆ ಆ ಒಂದು ದಿನ ಮುಗಿದ ಮೇಲೆ ಉಳಿದ 364 ದಿನ?

ಉಳಿದ ದಿನ ಗಂಡಸರಿಗೆ ಇರುವುದು ದಾರು. 2007ರ ಜುಲೈಯಲ್ಲಿ ಸಾರಾಯಿ ನಿಲ್ಲಿಸಿದರು, ಅದರ ಜಾಗಕ್ಕೆ ಪಾಕೀಟು ಬಂತು. ಸಂಜೆ ನಾಲ್ಕು ಜನ ಕೂಡಲು ಜಾಗವೇ ಇಲ್ಲದಾಗ ಪಾಕೀಟು ಮಾರುವ ಕಿರಾಣಿ ಅಂಗಡಿಯ ಕಟ್ಟೆಯೇ ನಮ್ಮ ಭವನವಾಗಿದೆ. ಹುಡುಗರು ರಸ್ತೆಯ ಮೋರಿಯ ಮೇಲೆ ಮೊಬೈಲ್ ಹಿಡಿದು ಕೂಡುತ್ತಾರೆ. ಹುಡುಗಿಯರಿಗೆ ಅದೂ ಇಲ್ಲ. ಒಬ್ಬ ವೈನಿ ಅಂದಳು: "ಮೊದಲ ಬೈಲಿಗಿ ಹೋಗ್ತಿದ್ದೆವಲ್ರಿ, ಆವಾಗ ನಾಕು ಮಂದಿ ಕೂಡಿ ಮಾತಾಡ್ತಿದ್ದೆವು, ನಗ್ತಿದ್ದೆವು. ನಾಚಿಕಿ ಅದು, ಖರೆ. ಆದ್ರ ನಮಗ ಕೂಡಾಕ ಅದೊಂದೇ ಜಾಗಾ ಇತ್ತು." ಇದನ್ನು ಕೇಳಿ ನಮಗೆ ತಲೆ ಎತ್ತಲು ಆಗಲಿಲ್ಲ.

ಸಮುದಾಯ ಭವನ ಇಲ್ಲವೇ ಅಂದರೆ, ಕೆಲವು ಕಡೆ ಇದೆ. ಕೀಲಿ ಯಾರ ಬಳಿ ಇದೆ ಅಂತ ಕೇಳಿದರೆ ಉತ್ತರ ಇಲ್ಲ. ಒಂದರಲ್ಲಿ ಯಾರದೋ ಗೊಬ್ಬರದ ಚೀಲ ಇದ್ದವು. ಸಾಲಿಯ ಮೈದಾನಕ್ಕೆ ಗೇಟು ಬಿದ್ದಿದೆ. ಗಾಯರಾಣ ಯಾರ ಯಾರ ಹೊಲದಲ್ಲಿ ಕರಗಿದೆಯೋ ಸರ್ವೆಯವರೇ ಹೇಳಬೇಕು. ನಮ್ಮ ಹುಡುಗರು ರಾಶಿ ಮುಗಿದ ಹೊಲದಲ್ಲಿ ಕ್ರಿಕೆಟ್ ಆಡುತ್ತಾರೆ, ಬಿತ್ತನೆ ಬಂದರೆ ಆಟ ಬಂದ್.

ಹೊಟ್ಟೆಗೆ ಇಲ್ಲದವರಿಗೆ ಆಟ ಯಾಕೆ ಅಂತ ನಮ್ಮವರೇ ಕೇಳಿದರು. ಅವರಿಗೆ ಒಬ್ಬರ ಕಥೆ ಹೇಳುತ್ತೇವೆ. ಪಾಲವಣಕರ ಬಾಳೂ ಅಂತ. ಹುಟ್ಟಿದ್ದು ನಮ್ಮ ಧಾರವಾಡದಲ್ಲಿ, ಚಮ್ಮಾರರ ಮನೆಯಲ್ಲಿ. ಪುಣೆಯ ಕ್ಲಬ್ಬಿನಲ್ಲಿ ಮೈದಾನ ಕಸ ಹೊಡೆಯುವ, ಬಲೆ ಕಟ್ಟುವ ಕೆಲಸಕ್ಕೆ ಸೇರಿ, ಗೋರಾ ಸಾಹೇಬರಿಗೆ ಚೆಂಡು ಎಸೆದು ಎಸೆದು ಕಲಿತರು. ಹಿಂದೂಗಳ ತಂಡಕ್ಕೆ ಅವರ ಕೈ ಬೇಕಾಯಿತು. ಮೈದಾನದಲ್ಲಿ ಅವರು ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟುತ್ತಿದ್ದರು. ಚಹಾ ಹೊತ್ತಿಗೆ ಮಾತ್ರ ಅವರಿಗೆ ಹೊರಗೆ, ಮಣ್ಣಿನ ಕಪ್ಪಿನಲ್ಲಿ. 1911ರಲ್ಲಿ ಇಂಗ್ಲೆಂಡಿಗೆ ಹೋದ ತಂಡದಲ್ಲಿ 114 ವಿಕೆಟ್ ಕಿತ್ತರು. ಆದರೂ ಕ್ಯಾಪ್ಟನ್ ಮಾಡಲಿಲ್ಲ. 1923ರಲ್ಲಿ ಅವರ ತಮ್ಮ ವಿಠ್ಠಲ ಕ್ಯಾಪ್ಟನ್ ಆದರು. ಮುಂದೆ 1937ರ ಚುನಾವಣೆಯಲ್ಲಿ ಬಾಳೂ ಅವರು ಬಾಬಾಸಾಹೇಬರ ವಿರುದ್ಧವೇ ನಿಂತು ಸೋತರು, ಅದು ಬೇರೆ ಮಾತು. ಬಾಳೂಗೆ ಮೈದಾನ ಸಿಕ್ಕಿದ್ದು ಪೊರಕೆ ಹಿಡಿದದ್ದರಿಂದ. ನಮ್ಮ ಮಕ್ಕಳಿಗೆ ಪೊರಕೆ ಇಲ್ಲದೆ ಸಿಗಬೇಕು ಅಂತ ನಾವು ಕೇಳುವುದು.

ಈಗ ಕಷ್ಟದ ಮಾತು. ಒಂದು ಕೇರಿಯಲ್ಲಿ, ಹೆಸರು ಹೇಳುವುದಿಲ್ಲ, ಅವರು ಇಲ್ಲೇ ಮುಂದೆ ಕೂತಿದ್ದಾರೆ, ಬಾಬಾಸಾಹೇಬರ ಫಲಕದ ಪಕ್ಕ ಒಂದು ಖಾಲಿ ಜಾಗ ಇದೆ. ಪಂಚಾಯಿತಿಯವರು ಅಲ್ಲಿ ಐದಾರು ನಿವೇಶನ ಮಾಡಿಕೊಡುತ್ತೇವೆ ಅಂದಿದ್ದಾರೆ. ಮನೆ ಇಲ್ಲದವರು ಹೂಂ ಅಂದಿದ್ದಾರೆ. ಹುಡುಗರು ಅಲ್ಲಿ ಕಬಡ್ಡಿ ಅಂಕ ಹಾಕಿದ್ದಾರೆ, ಅವರು ಊಹೂಂ ಅಂದಿದ್ದಾರೆ. ಅಣ್ಣತಮ್ಮಂದಿರು ಮಾತು ಬಿಟ್ಟಿದ್ದಾರೆ. ಊರವರು ಕಟ್ಟೆಯ ಮೇಲೆ ಕೂತು ಈ ಜಗಳ ನೋಡಿ ನಗುತ್ತಿದ್ದಾರೆ. ಅವರಿಗೆ ಇದೂ ಮನರಂಜನೆ.

ಬಂಧುಗಳೇ, ಆ ಜಾಗ ಹಾಗೆ ಒಂದೇ ಉಳಿಯುವಂತೆ ಮಾಡಿದವರು ಯಾರು? ಗಾಯರಾಣ ನುಂಗಿದವರನ್ನು ಕೇಳದೆ ನಮ್ಮ ಅಂಗಳಕ್ಕೇ ಹಗ್ಗ ಹಿಡಿದು ಬಂದವರು ಯಾರು? ಮನೆ ಇಲ್ಲದ ತಾಯಿಗೆ ತಡಿ ಅನ್ನುವ ಧೈರ್ಯ ನಮಗಿಲ್ಲ. ಅವಳು ಎರಡು ಮಳೆಗಾಲ ಮೈದುನನ ಪಡಸಾಲೆಯಲ್ಲಿ ಕಳೆದಿದ್ದಾಳೆ. ಹುಡುಗರಿಗೆ ಅಂಕ ಅಳಿಸು ಅನ್ನಲೂ ಬಾಯಿ ಬರುತ್ತಿಲ್ಲ. ಮೊನ್ನೆ ರಾತ್ರಿ ಇಬ್ಬರನ್ನೂ ಕೂಡಿಸಿದೆವು. ಮೂರು ತಾಸು ಆಯಿತು. ಕಡೆಗೆ ಆ ತಾಯಿಯೇ ಅಂದಳು: "ಹುಡುಗ್ರು ಬೇರೇ ಕಡಿ ಜಾಗಾ ಹುಡುಕ್ಲಾಕ ನನ್ನ ಕೂಡ ಬರ್ತಾರಂದ್ರ ಒಂದು ವರ್ಷ ತಡೀತೀನಿ. ಒಂದೇ ವರ್ಷ ನೋಡ್ರಿ." ಹುಡುಗರು ಬರುತ್ತೇವೆ ಅಂತ ಒಪ್ಪಿದ್ದಾರೆ. ಒಂದು ವರ್ಷದ ಲೆಕ್ಕ ಮೊನ್ನೆಯಿಂದಲೇ ಸುರುವಾಗಿದೆ.

ಅದಕ್ಕೆ ಕೆಲಸದ ಮಾತು. ಎರಡೂ ತಾಲ್ಲೂಕಿನಲ್ಲಿ ಗಾಯರಾಣದ ಸರ್ವೆ ನಂಬರುಗಳ ನಕಲು ತೆಗೆಸಬೇಕು. ಸರ್ಕಾರಿ ಜಾಗದಲ್ಲಿ ಮೊದಲೇ ಮನೆ ಕಟ್ಟಿಕೊಂಡವರು 94ಸಿ ಅಡಿ ಹಾಕಿದ ಅರ್ಜಿಯ ಸ್ವೀಕೃತಿ ಚೀಟಿ ಇದ್ದರೆ ತರಬೇಕು. ತಾಂಡಾಗಳ ಬಂಧುಗಳಿಗೆ 2017ರ ತಿದ್ದುಪಡಿಯಿಂದ, ಮನೆಯಲ್ಲಿ ವಾಸಿಸುವವನೇ ಅದರ ಒಡೆಯ ಅಂತಾಯಿತು. 2023ರ ಜನವರಿ 19ರಂದು ಮಳಖೇಡದಲ್ಲಿ ನಮ್ಮ ಜಿಲ್ಲೆಯೂ ಸೇರಿ ಐದು ಜಿಲ್ಲೆಗಳ 50 ಸಾವಿರಕ್ಕೂ ಹೆಚ್ಚು ಲಂಬಾಣಿ ಕುಟುಂಬಗಳಿಗೆ ಹಕ್ಕುಪತ್ರ ಹಂಚಿದರು. ಆ ಕಾಗದ ಹೇಗೆ ಸಿಕ್ಕಿತು ಅಂತ ಅವರಿಂದ ಕೇಳಿ ತಿಳಿಯೋಣ, ಅವರಲ್ಲಿ ಬಿಟ್ಟುಹೋದವರಿದ್ದರೆ ನಮ್ಮ ಜೊತೆ ಬರಲಿ. ನಿವೇಶನದ ಅರ್ಜಿಯಲ್ಲಿ ಇನ್ನು ಮುಂದೆ ಎರಡು ಸಾಲು ಕಡ್ಡಾಯವಾಗಿ ಇರಬೇಕು: ಮಕ್ಕಳ ಮೈದಾನ ಒಂದು, ಹೆಣ್ಣುಮಕ್ಕಳು ಕೂಡಲು ಸೂರಿರುವ ಕಟ್ಟೆ ಒಂದು. ಭವನಕ್ಕೆ ಕೀಲಿ ಬಿದ್ದಿರುವ ಕೇರಿಯವರು ಕೀಲಿ ಯಾರ ಬಳಿ ಇದೆ ಅಂತ ಬರೆದುಕೊಂಡು ಬರಬೇಕು.

ಬರುವ ಸೋಮವಾರ ಹನ್ನೊಂದು ಗಂಟೆಗೆ ಹುಮನಾಬಾದ್ ತಹಶೀಲ್ ಕಚೇರಿ ಮುಂದೆ ಕೂಡೋಣ. ಚಿಟಗುಪ್ಪಾ, ಹುಲಸೂರು ಈಗ ಬೇರೆ ತಾಲ್ಲೂಕಾಗಿವೆ. ಆ ಕಡೆಯವರ ಅರ್ಜಿ ಅಲ್ಲೇ ಕೊಡಬೇಕು, ಆದರೆ ಮೊದಲ ದಿನ ಎಲ್ಲರೂ ಒಟ್ಟಿಗೆ ಬರ್ರಿ. ರೊಟ್ಟಿ ಕಟ್ಟಿಕೊಂಡು ಬರ್ರಿ, ಸಾಹೇಬರು ಸಂಜೆಯವರೆಗೆ ಕೂಡಿಸಬಹುದು. ಹುಡುಗರು ಚೆಂಡು ತರಲಿ.